ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್: ಇಷ್ಟಪಟ್ಟವರೇ ಜಗಳವಾಡುವುದೇಕೆ?

ಓದುಗರ ಪ್ರಶ್ನೆ: ಮನೆಮಂದಿಯೆಲ್ಲ ಕೂತು ನೋಡಬಹುದಾದ ಫುಟ್‌ಬಾಲ್ ಸಿನಿಮಾ ಯಾವುದೆಂದು ಕೇಳಿದರೆ ಹತ್ತರಲ್ಲಿ ಆರು ಜನ ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’ ಎನ್ನುತ್ತಾರೆ. ಆದರೆ ಅದನ್ನು ಅಷ್ಟು ಮೆಚ್ಚುವವರೇ ಅದರ ಕೊನೆಯ ಬಗ್ಗೆ, ಪ್ರೇಮಕಥೆಯ ಬಗ್ಗೆ, ಆಟದ ದೃಶ್ಯಗಳ ಬಗ್ಗೆ ಇಂದಿಗೂ ತಕರಾರು ಎತ್ತುತ್ತಿರುತ್ತಾರೆ. ಇಷ್ಟವಾದ ಸಿನಿಮಾದ ಮೇಲೆ ಇಷ್ಟೊಂದು ಜಗಳ ಏಕೆ?

ಉತ್ತರ: ಚುಟುಕಾಗಿ ಹೇಳುವುದಾದರೆ, ಅದು ಒಂದೇ ಟಿಕೆಟ್ಟಿನಲ್ಲಿ ತೋರಿಸಿದ ಎರಡು ಸಿನಿಮಾ. ಒಂದು ಮೈದಾನದ್ದು, ಇನ್ನೊಂದು ಮನೆಯದು. ಮೈದಾನದ ಕಥೆಯನ್ನು ನೋಡಲು ಬಂದವರಿಗೆ ಮನೆಯ ಕಥೆ ಅಡ್ಡ ಬಂದಂತೆ ಕಾಣುತ್ತದೆ. ಮನೆಯ ಕಥೆಗೆ ಮನಸೋತವರಿಗೆ ಮೈದಾನದ ಗೆಲುವು ಸ್ವಲ್ಪ ಸಲೀಸಾಗಿ ಸಿಕ್ಕಿತೆನಿಸುತ್ತದೆ. ಎರಡರ ನಡುವೆ ಒಂದು ಪ್ರೇಮಪ್ರಸಂಗವನ್ನೂ ತುರುಕಿರುವುದರಿಂದ ಜಗಳಕ್ಕೆ ಮೂರನೆಯ ಪಕ್ಷವೂ ಹುಟ್ಟಿಕೊಂಡಿದೆ. ಇನ್ನು ಇದನ್ನು ಬಿಡಿಸಿ ನೋಡೋಣ.

ಗುರಿಂದರ್ ಛಡ್ಡಾ ನಿರ್ದೇಶಿಸಿದ ಈ ಚಿತ್ರ ಬ್ರಿಟನ್ನಿನಲ್ಲಿ 2002ರ ಏಪ್ರಿಲ್‌ನಲ್ಲಿಯೂ ಅಮೆರಿಕದಲ್ಲಿ 2003ರ ಮಾರ್ಚ್‌ನಲ್ಲಿಯೂ ತೆರೆಕಂಡಿತು. ನೈರೋಬಿಯಲ್ಲಿ ಹುಟ್ಟಿ ಲಂಡನ್ನಿನ ಸೌತಾಲ್‌ನಲ್ಲಿ ಬೆಳೆದ ನಿರ್ದೇಶಕಿಗೆ ಕಥೆ ನಡೆಯುವ ಪಶ್ಚಿಮ ಲಂಡನ್ನು, ಹೀಥ್ರೂ ವಿಮಾನಗಳು ತಲೆಯ ಮೇಲೆಯೇ ಇಳಿದಂತೆ ಹಾರುವ ಹೌನ್ಸ್‌ಲೋದ ಬೀದಿಗಳು, ತನ್ನ ಅಂಗಳದಷ್ಟೇ ಪರಿಚಿತ. ಪಂಜಾಬಿ ಸಿಖ್ ಮನೆತನದ ಜೆಸ್ಮಿಂದರ್ ಭಾಮ್ರಾ, ಅಂದರೆ ಜೆಸ್, ಇಂಗ್ಲೆಂಡಿನ ಫುಟ್‌ಬಾಲ್ ತಾರೆ ಡೇವಿಡ್ ಬೆಕ್‌ಹ್ಯಾಮ್‌ನ ಪಟಗಳನ್ನು ಗೋಡೆಗೆ ಅಂಟಿಸಿಕೊಂಡು ಪಾರ್ಕಿನಲ್ಲಿ ಹುಡುಗರ ಜೊತೆ ಆಡುತ್ತಿರುತ್ತಾಳೆ. ಅವಳ ಆಟ ಕಂಡ ಜೂಲ್ಸ್ ಎಂಬ ಹುಡುಗಿ ಅವಳನ್ನು ಹೌನ್ಸ್‌ಲೋ ಹ್ಯಾರಿಯರ್ಸ್ ಎಂಬ ಮಹಿಳಾ ತಂಡಕ್ಕೆ ಕರೆದೊಯ್ಯುತ್ತಾಳೆ. ಅತ್ತ ಅಕ್ಕ ಪಿಂಕಿಯ ಮದುವೆಯ ತಯಾರಿ, ಇತ್ತ ಮನೆಯವರಿಗೆ ಹೇಳದೆ ನಡೆಯುವ ಅಭ್ಯಾಸ. ಕೊನೆಗೆ ಫೈನಲ್ ಪಂದ್ಯವೂ ಮದುವೆಯೂ ಒಂದೇ ದಿನ ಬಂದು ನಿಲ್ಲುತ್ತವೆ. ಜೆಸ್ ಪಾತ್ರದಲ್ಲಿ ಪರ್ಮಿಂದರ್ ನಾಗ್ರಾ, ಜೂಲ್ಸ್ ಪಾತ್ರದಲ್ಲಿ ಕೀರಾ ನೈಟ್ಲಿ, ತಂದೆಯ ಪಾತ್ರದಲ್ಲಿ ಅನುಪಮ್ ಖೇರ್.

ಮೊದಲಿಗೆ ಫುಟ್‌ಬಾಲ್ ಪ್ರಿಯರ ದೂರು. ಪಂದ್ಯದ ದೃಶ್ಯಗಳನ್ನು ಚೂರುಚೂರಾಗಿ ಕತ್ತರಿಸಿ ಹಾಡಿನ ತಾಳಕ್ಕೆ ಜೋಡಿಸಿದ್ದಾರೆ, ಒಂದು ಪಾಸ್ ಎಲ್ಲಿ ಹುಟ್ಟಿ ಎಲ್ಲಿ ಮುಟ್ಟಿತೆಂದು ಕಣ್ಣಿಗೆ ಕಾಣುವುದಿಲ್ಲ ಎಂಬುದು ಅವರ ಮಾತು. ಅದು ನಿಜವೇ. ಆದರೆ ನಟಿಯರು ಸುಮ್ಮನೆ ಬೂಟು ಕಟ್ಟಿಕೊಂಡು ಬಂದವರಲ್ಲ. ಬ್ರೆಜಿಲ್ ಶೈಲಿಯ ತರಬೇತಿಗೆ ಇಂಗ್ಲೆಂಡಿನಲ್ಲಿ ಹೆಸರಾದ ಸೈಮನ್ ಕ್ಲಿಫರ್ಡ್ ಅವರಿಂದ ಚೆಂಡಿನಾಟ ಕಲಿತೇ ಕ್ಯಾಮೆರಾದ ಮುಂದೆ ನಿಂತವರು. ಇನ್ನೊಂದು ಸಂಗತಿಯನ್ನು ಎಷ್ಟೋ ನೋಡುಗರು ಮೇಕಪ್ ಎಂದುಕೊಂಡು ಬಿಟ್ಟಿರುತ್ತಾರೆ. ಜೆಸ್‌ಳ ಕಾಲಿನ ಸುಟ್ಟ ಕಲೆ ನಾಗ್ರಾ ಅವರ ಕಾಲಿನ ಮೇಲೆ ನಿಜವಾಗಿ ಇರುವಂಥದ್ದು, ಬಾಲ್ಯದ ಅವಘಡವೊಂದರದ್ದು. ಆಟದ ಚಡ್ಡಿ ಹಾಕಬೇಕಾದ ಪಾತ್ರವಾದ್ದರಿಂದ ಅದನ್ನು ಮುಚ್ಚುವ ಬದಲು ಕಥೆಯೊಳಗೇ ಸೇರಿಸಿಕೊಂಡರು. ಚಡ್ಡಿ ತೊಡಲು ಜೆಸ್ ಹಿಂಜರಿಯುವುದಕ್ಕೆ ಮನೆಯ ಕಟ್ಟುಪಾಡೊಂದೇ ಕಾರಣವಲ್ಲ, ಆ ಕಲೆಯೂ ಕಾರಣ ಎಂದು ತಿಳಿಯುವ ಆ ಪುಟ್ಟ ಸನ್ನಿವೇಶ, ನನ್ನ ಲೆಕ್ಕದಲ್ಲಿ, ಚಿತ್ರದ ಎಲ್ಲ ಗೋಲುಗಳಿಗಿಂತ ಹೆಚ್ಚು ಕ್ರೀಡಾಪಟುವಿನ ಮನಸ್ಸನ್ನು ತೋರಿಸುತ್ತದೆ.

ಇನ್ನು ಕೊನೆಯ ಫ್ರೀ ಕಿಕ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ. ಹಿನ್ನೆಲೆಯಲ್ಲಿ ಪುಚ್ಚೀನಿಯ ಒಪೆರಾ ಗೀತೆ ‘ನೆಸ್ಸುನ್ ದೋರ್ಮಾ’ ಏರುತ್ತದೆ. 1990ರ ವಿಶ್ವಕಪ್ಪಿನಲ್ಲಿ ಪವರೊಟ್ಟಿಯ ಕಂಠದಲ್ಲಿ ಅದನ್ನು ದಿನವೂ ಟಿ.ವಿ.ಯಲ್ಲಿ ಕೇಳಿದ ಇಂಗ್ಲಿಷ್ ಅಭಿಮಾನಿಗೆ ಅದು ಒಪೆರಾ ಅಲ್ಲ, ಫುಟ್‌ಬಾಲಿನ ಹಾಡೇ. ಜೆಸ್ ತಲೆಯೆತ್ತಿ ನೋಡಿದರೆ ಎದುರಿಗೆ ಸಾಲುಗಟ್ಟಿ ನಿಂತ ಎದುರಾಳಿ ಆಟಗಾರ್ತಿಯರ ಜಾಗದಲ್ಲಿ ಮದುವೆಗೆ ಸಿಂಗರಿಸಿಕೊಂಡ ಅಮ್ಮ, ಅಕ್ಕ, ಬಂಧುಬಳಗದ ಹೆಂಗಸರು ಗೋಡೆಯಾಗಿ ನಿಂತಿದ್ದಾರೆ. ಚೆಂಡು ಅವರನ್ನು ಸೀಳಿಕೊಂಡು ಹೋಗುವಂತಿಲ್ಲ, ಸುತ್ತಿ ಬಳಸಿಕೊಂಡು ಹೋಗಬೇಕು. ಶೀರ್ಷಿಕೆಯ ‘ಬೆಂಡ್’ ಎಂಬ ಮಾತಿಗೆ ಅರ್ಥ ಸಿಗುವುದು ಇಲ್ಲಿಯೇ: ಜೆಸ್ ಮನೆಯ ನಿಯಮವನ್ನು ಮುರಿಯುವುದಿಲ್ಲ, ಬಾಗಿಸುತ್ತಾಳೆ. ಆಟದ ಕಥೆಯೂ ಮನೆಯ ಕಥೆಯೂ ಒಂದಾಗುವುದು ಈ ಕೆಲವು ಕ್ಷಣಗಳಲ್ಲಿ ಮಾತ್ರ, ಅದಕ್ಕಾಗಿಯೇ ಎರಡೂ ಪಕ್ಷದವರು ಇಲ್ಲಿ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಹೆಸರಿನ ಅದೃಷ್ಟವೂ ದೊಡ್ಡದು. ಚಿತ್ರ ತೆರೆಗೆ ಬರುವ ಆರು ತಿಂಗಳ ಮುಂಚೆ, 2001ರ ಅಕ್ಟೋಬರ್ 6ರಂದು, ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಗ್ರೀಸ್ ವಿರುದ್ಧ ಪಂದ್ಯ ಮುಗಿಯುವ ಗಳಿಗೆಯಲ್ಲಿ ಬೆಕ್‌ಹ್ಯಾಮ್ ಹೊಡೆದ ಇಂಥದೇ ಫ್ರೀ ಕಿಕ್ ಪಂದ್ಯವನ್ನು 2-2ರಲ್ಲಿ ಸಮ ಮಾಡಿ ಇಂಗ್ಲೆಂಡನ್ನು ನೇರವಾಗಿ ವಿಶ್ವಕಪ್ಪಿಗೆ ಒಯ್ದಿತ್ತು. ಆ ಹೆಸರನ್ನು ಬಿಡಿಸಿ ಹೇಳುವ ಅಗತ್ಯ ಬ್ರಿಟನ್ನಿನಲ್ಲಿ ಯಾರಿಗೂ ಇರಲಿಲ್ಲ.

ಕೊನೆಯಲ್ಲಿ ಇಬ್ಬರೂ ಗೆಳತಿಯರು ಅಮೆರಿಕದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಪಡೆದು ವಿಮಾನ ಹತ್ತುತ್ತಾರೆ. ಇಂದು ಮೊದಲ ಸಲ ನೋಡುವ ಹುಡುಗಿಯರು ಕೇಳುವುದು, ಇಂಗ್ಲೆಂಡಿನಲ್ಲೇ ಆಡಬಹುದಿತ್ತಲ್ಲ, ಓಡಿಹೋಗುವುದೇಕೆ ಎಂದು. ಅಂದು ಅಲ್ಲಿ ಆಡಿ ಹೊಟ್ಟೆ ಹೊರೆಯುವ ದಾರಿ ಮಹಿಳೆಯರಿಗೆ ಇರಲಿಲ್ಲವೆಂದೇ ಹೇಳಬೇಕು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಮಹಿಳೆಯರ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರು ಆಡಕೂಡದೆಂದು ನಿಷೇಧಿಸಿತು, ಆ ನಿಷೇಧ ಹತ್ತಿರಹತ್ತಿರ 50 ವರ್ಷ ಹಾಗೆಯೇ ಉಳಿಯಿತು. ಜೂಲ್ಸ್ ಕನವರಿಸುವ ಅಮೆರಿಕದ ವೃತ್ತಿಪರ ಲೀಗ್ ಆಗ ನಿಜವಾಗಿಯೂ ಇತ್ತು, 2001ರಲ್ಲಿ ಆರಂಭವಾಗಿತ್ತು. ವಿಪರ್ಯಾಸವೆಂದರೆ ಚಿತ್ರ ಅಮೆರಿಕದಲ್ಲಿ ತೆರೆಕಂಡ ಆರೇ ತಿಂಗಳಿಗೆ, 2003ರ ಸೆಪ್ಟೆಂಬರಿನಲ್ಲಿ, ಹಣ ಸಾಲದೆ ಆ ಲೀಗೇ ಬಾಗಿಲು ಹಾಕಿತು. ಇಂಗ್ಲೆಂಡಿನಲ್ಲಿ ಮಹಿಳಾ ಸೂಪರ್ ಲೀಗ್ ಶುರುವಾದದ್ದು 2011ರಲ್ಲಿ. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರ ಮುಂದೆ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು 2-1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ನರಾದರು. ಹೀಗಾಗಿ 2002ರಲ್ಲಿ ನೋಡಿದವರಿಗೆ ಆ ವಿಮಾನ ಬಿಡುಗಡೆಯಂತೆ ಕಂಡರೆ, ಈಗ ನೋಡುವವರಿಗೆ ಅದು ಇಂಗ್ಲೆಂಡಿನ ಮೇಲೆ ಹೊರಿಸಿದ ಆರೋಪದಂತೆ ಕಾಣುತ್ತದೆ. ಇಬ್ಬರದೂ ತಪ್ಪಲ್ಲ.

ಅತಿ ಜೋರಿನ ಜಗಳ ಪ್ರೇಮದ್ದು. ಜೆಸ್ ಮತ್ತು ತರಬೇತುದಾರ ಜೋ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ, ಜೂಲ್ಸ್‌ಗೂ ಜೋ ಮೇಲೆ ಮನಸ್ಸಿರುತ್ತದೆ, ಇಬ್ಬರು ಗೆಳತಿಯರು ಅವನಿಗಾಗಿ ಮುನಿಸಿಕೊಳ್ಳುತ್ತಾರೆ. ತರಬೇತುದಾರ ತನ್ನ ಕೈಕೆಳಗಿನ ಆಟಗಾರ್ತಿಯನ್ನು ಪ್ರೀತಿಸುವುದನ್ನು ಇಂದಿನ ನೋಡುಗರು 2002ರಷ್ಟು ಸಲೀಸಾಗಿ ಒಪ್ಪಿಕೊಳ್ಳುವುದಿಲ್ಲ. ಕ್ರೀಡಾಲೋಕದಲ್ಲಿ ಈಚೆಗೆ ಹೊರಬಿದ್ದ ಸಂಗತಿಗಳನ್ನು ಓದಿದವರಿಗೆ ಆ ಆಕ್ಷೇಪ ಅತಿಯೆನಿಸುವುದೂ ಇಲ್ಲ. ಮತ್ತೊಂದು ದೊಡ್ಡ ಗುಂಪಿನ ವಾದವೇ ಬೇರೆ: ಜೆಸ್‌ಗೆ ತಕ್ಕ ಜೋಡಿ ಜೋ ಅಲ್ಲ, ಜೂಲ್ಸ್. ಮೂಲದಲ್ಲಿ ಕಥೆ ಹಾಗೆಯೇ ಇತ್ತೆಂಬ ಸುದ್ದಿಯನ್ನು ಅಭಿಮಾನಿಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದಿದ್ದಾರೆ. ಸುದ್ದಿ ಹೇಗೇ ಇರಲಿ, ಆ ಆಸೆಗೆ ನೀರೆರೆದದ್ದು ಚಿತ್ರವೇ. ಬಸ್ ಸ್ಟಾಪಿನಲ್ಲಿ ಜೆಸ್ ಜೊತೆ ನಗುತ್ತ ನಿಂತ ಗಿಡ್ಡ ಕೂದಲಿನ ಜೂಲ್ಸ್‌ಳನ್ನು ಪಿಂಕಿಯ ಭಾವೀ ಅತ್ತೆಮಾವ ಇಂಗ್ಲಿಷ್ ಹುಡುಗನೆಂದು ತಿಳಿದು ನಿಶ್ಚಯವಾದ ಸಂಬಂಧವನ್ನೇ ಕೆಲಕಾಲ ಮುರಿಯುತ್ತಾರೆ. ಜೂಲ್ಸ್‌ಳ ತಾಯಿ ಈ ಇಬ್ಬರೂ ಪ್ರೇಮಿಗಳೆಂದೇ ನಂಬಿ ಕಂಗಾಲಾಗುತ್ತಾರೆ, ಮದುವೆಮನೆಗೆ ಬಂದು ಕೂಗಾಡಿಯೂ ಬಿಡುತ್ತಾರೆ. ಆಕೆ ಜೆಸ್‌ಳನ್ನು ‘ಲೆಸ್ಬಿಯನ್’ ಎಂದದ್ದನ್ನು ‘ಲೆಬನೀಸ್’ ಎಂದು ಕೇಳಿಸಿಕೊಂಡ ಹಿರಿಯ ಹೆಂಗಸೊಬ್ಬರು, ನಮ್ಮ ಹುಡುಗಿ ಪಂಜಾಬಿಯಲ್ಲವೇ ಎಂದು ಗೊಂದಲಗೊಳ್ಳುವ ನಗೆ ಚಿತ್ರದ ಅತಿ ಜನಪ್ರಿಯ ತುಣುಕುಗಳಲ್ಲೊಂದು. ಎರಡು ಗಂಟೆ ಇದೇ ಶಂಕೆಯ ಮೇಲೆ ನಗಿಸಿ, ಕೊನೆಗೆ ಏನೂ ಇಲ್ಲವೆಂದು ಕೈ ಝಾಡಿಸಿದರೆ ಕೆಲವರಿಗೆ ಮೋಸ ಹೋದಂತೆನಿಸುವುದು ಸಹಜ. ಆದರೆ ಜೆಸ್‌ಳ ಬಾಲ್ಯದ ಗೆಳೆಯ ಟೋನಿ ತಾನು ಗಂಡಸರನ್ನು ಇಷ್ಟಪಡುವವನೆಂದು ಅವಳೊಬ್ಬಳಿಗೆ ಹೇಳಿಕೊಳ್ಳುವ ಪಾರ್ಕಿನ ದೃಶ್ಯವನ್ನು ಈ ಜಗಳದಲ್ಲಿ ಎಲ್ಲರೂ ಮರೆಯುತ್ತಾರೆ. ಅಲ್ಲಿ ನಗೆಯಿಲ್ಲ.

ಪಂಜಾಬಿ ನೋಡುಗರಲ್ಲಿಯೂ ಎರಡು ಮಾತಿದೆ. ನಮ್ಮ ಮನೆಯನ್ನೇ ತೆರೆಯ ಮೇಲೆ ನೋಡಿದಂತಾಯಿತು ಎನ್ನುವವರು ಒಂದು ಕಡೆ. ತಾಯಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಆಲೂಗೋಬಿ ಕಲಿಸುವ, ಕಾಲು ತೋರಿಸಬೇಡವೆಂದು ಗದರುವ ಗೊಂಬೆ ಮಾಡಿದರು ಎನ್ನುವವರು ಇನ್ನೊಂದು ಕಡೆ. ಎರಡನೆಯ ದೂರು ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ತಂದೆಗೆ ಒಂದು ಹಿಂದಿನ ಕಥೆಯಿದೆ, ತಾಯಿಗೆ ಇಲ್ಲ. ನೈರೋಬಿಯಲ್ಲಿ ಒಳ್ಳೆಯ ವೇಗದ ಬೌಲರ್ ಆಗಿದ್ದ ಭಾಮ್ರಾ ಅವರನ್ನು ಇಂಗ್ಲೆಂಡಿಗೆ ಬಂದಾಗ ಅಲ್ಲಿನ ಕ್ರಿಕೆಟ್ ಕ್ಲಬ್ಬಿನವರು ಪೇಟ ಕಂಡು ಗೇಲಿ ಮಾಡಿ ಹೊರಗಟ್ಟಿರುತ್ತಾರೆ. ಅಂದಿನಿಂದ ಅವರು ಬ್ಯಾಟು ಚೆಂಡು ಮುಟ್ಟಿರುವುದಿಲ್ಲ. ಮಗಳನ್ನು ತಡೆಯುವುದು ಸಂಪ್ರದಾಯದ ಸಿಟ್ಟಿನಿಂದಲ್ಲ, ಅವಳಿಗೂ ಅದೇ ಅವಮಾನ ಆಗಬಾರದೆಂಬ ಅಂಜಿಕೆಯಿಂದ. ಜೂಲ್ಸ್‌ಳ ತಾಯಿಗಾದರೂ ಒಂದು ಬದಲಾವಣೆಯನ್ನು ಕೊಟ್ಟಿದ್ದಾರೆ: ಆಕೆ ತೋಟದ ಮೇಜಿನ ಮೇಲೆ ಸಾಸಿವೆಯ ಸೀಸೆ, ಸಾಸ್, ಉಪ್ಪಿನ ಡಬ್ಬಿಗಳನ್ನು ಆಟಗಾರರಂತೆ ಇಟ್ಟುಕೊಂಡು ಗಂಡನಿಂದ ಆಫ್‌ಸೈಡ್ ನಿಯಮ ಕಲಿಯುತ್ತಾರೆ. ಆಫ್‌ಸೈಡ್ ಅರ್ಥವಾಗದ ಮನೆಮಂದಿಗೆ ಆ ಒಂದು ದೃಶ್ಯ ತೋರಿಸಿದರೆ ಸಾಕು ಎಂದು ಆಟ ಬಲ್ಲವರೇ ಹೇಳುತ್ತಾರೆ.

ಇಷ್ಟೆಲ್ಲ ತಕರಾರಿನ ನಡುವೆ ಯಾರೂ ಬೆರಳೆತ್ತದ ಒಂದು ಭಾಗವಿದೆ, ಅದು ಮದುವೆಯ ಮಧ್ಯಾಹ್ನ. ಅಕ್ಕನ ಮದುವೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕುಳಿತ ಜೆಸ್‌ಳನ್ನು ಕಂಡ ತಂದೆ, ಹೋಗಿ ಆಡಿ ಬಾ, ಆದರೆ ಬಂದ ಮೇಲೆ ವಿಡಿಯೋದಲ್ಲಿ ನಗುಮುಖ ಕಾಣಬೇಕು ಎಂಬರ್ಥದಲ್ಲಿ ಅಪ್ಪಣೆ ಕೊಡುತ್ತಾರೆ. ಟೋನಿ ಕಾರು ಓಡಿಸುತ್ತಾನೆ, ಜೆಸ್ ಅರ್ಧ ಪಂದ್ಯಕ್ಕೆ ಮೈದಾನ ಸೇರುತ್ತಾಳೆ, ತಂಡ ಗೆಲ್ಲುತ್ತದೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸೀರೆಯ ಗಂಧವೇ ತಿಳಿಯದ ಇಂಗ್ಲಿಷ್ ಹುಡುಗಿಯರು ಅವಳ ಸುತ್ತ ನಿಂತು, ನೆರಿಗೆ ಹಿಡಿದು, ಸೆರಗು ತಿರುಗಿಸಿ, ಅವಳನ್ನು ಮತ್ತೆ ಮದುವೆಮನೆಗೆ ಸಿದ್ಧಪಡಿಸುತ್ತಾರೆ. ನಮ್ಮಲ್ಲಿ ಸೀರೆ ಉಡಲು ಬಾರದ ಹುಡುಗಿಯನ್ನು ಮೂವರು ಚಿಕ್ಕಮ್ಮಂದಿರು ಸುತ್ತುವರಿದು ಪಿನ್ನು ಚುಚ್ಚುವ ಗಡಿಬಿಡಿ ಗೊತ್ತಿರುವವರಿಗೆ ಆ ಕೋಣೆಯ ಅವಸರವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮನೆಯಲ್ಲಿ ಸತ್ಯ ಹೊರಬಿದ್ದಾಗ ತಂದೆ ಆಡುವ ಮಾತಿನ ಸಾರ ಇಷ್ಟೇ: ಅವಮಾನವನ್ನು ಸಹಿಸಿ ಸುಮ್ಮನಾದದ್ದರಿಂದ ನೊಂದದ್ದು ನಾನೊಬ್ಬನೇ, ಮಗಳು ಹಾಗಾಗುವುದು ಬೇಡ. ಅಭಿಮಾನಿಗಳು ಕಣ್ಣೊರೆಸಿಕೊಳ್ಳುವುದು ಗೋಲಿನ ಹೊತ್ತಿನಲ್ಲಲ್ಲ, ಇಲ್ಲಿ.

ಮಕ್ಕಳೊಂದಿಗೆ ನೋಡಬಹುದೇ ಎಂಬುದೂ ನಿಮ್ಮ ಪ್ರಶ್ನೆಯೊಳಗೆ ಅಡಗಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಇದಕ್ಕೆ 12 ವರ್ಷದ ಪ್ರಮಾಣಪತ್ರ, ಅಮೆರಿಕದಲ್ಲಿ ಪಿಜಿ-13 ಸಿಕ್ಕಿತ್ತು. ರಕ್ತಪಾತವಿಲ್ಲ, ಒಂದಷ್ಟು ಒರಟು ಬೈಗುಳ, ಪಿಂಕಿಯ ಕಳ್ಳ ಪ್ರಣಯದ ತುಣುಕು, ಹ್ಯಾಂಬರ್ಗ್‌ನ ನೈಟ್‌ಕ್ಲಬ್, ಮೈದಾನದಲ್ಲಿ ಜೆಸ್ ಕೇಳಿಸಿಕೊಳ್ಳುವ ಜನಾಂಗೀಯ ನಿಂದನೆ ಇವೆ. ಆ ನಿಂದನೆಗೆ ಕೆರಳಿ ಜೆಸ್ ಕೆಂಪು ಕಾರ್ಡ್ ಪಡೆಯುತ್ತಾಳೆ, ಮಕ್ಕಳು ಅದೇನೆಂದು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಎಂಟು ಹತ್ತು ವರ್ಷದವರಿಗೆ ಮೇಲಿನ ಶಂಕೆಯ ನಗೆಗಳು ತಲೆಯ ಮೇಲಿಂದ ಹಾರಿಹೋಗುತ್ತವೆ. 2010ರ ಡಿಸೆಂಬರ್ 26ರಂದು ಉತ್ತರ ಕೊರಿಯಾದ ಸರ್ಕಾರಿ ಟಿ.ವಿ. ಕೂಡ, ಸಾಕಷ್ಟು ಕತ್ತರಿ ಆಡಿಸಿದ ಮೇಲೆ, ಈ ಚಿತ್ರವನ್ನು ಪ್ರಸಾರ ಮಾಡಿತು ಎಂದರೆ ಅದರ ಮೇಲ್ಮೈ ಎಷ್ಟು ನಿರಪಾಯಕಾರಿಯಾಗಿ ಕಾಣುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

2025ರ ಜುಲೈನಲ್ಲಿ ಛಡ್ಡಾ ಅವರು ಇದರ ಮುಂದಿನ ಭಾಗವನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದ ಮೇಲೆ ಹಳೆಯ ಪಕ್ಷಗಳೆಲ್ಲ ಮತ್ತೆ ಎದ್ದು ಕುಳಿತಿವೆ: ಜೆಸ್ ಯಾರ ಜೊತೆಗಿರಬೇಕು, ಇನ್ನೂ ಆಡುತ್ತಿರಬೇಕೇ, ಜೂಲ್ಸ್ ಬರುತ್ತಾಳೆಯೇ. ಮೊದಲ ಚಿತ್ರ ಮುಗಿಯುವುದು ಹೌನ್ಸ್‌ಲೋದ ಹುಲ್ಲಿನ ಮೇಲೆ ಭಾಮ್ರಾ ಅವರು ಜೋ ಜೊತೆ ಕ್ರಿಕೆಟ್ ಆಡುವುದರೊಂದಿಗೆ. ನನಗೆ ಮಾತ್ರ ಮೊದಲು ತಿಳಿಯಬೇಕಾಗಿರುವುದು ಆ ಮನುಷ್ಯ ಈಗಲೂ ಭಾನುವಾರ ಬ್ಯಾಟು ಹಿಡಿದು ಹೊರಡುತ್ತಾರೆಯೇ ಎಂದು.