ಸ್ಪ್ರಾಕೆಟ್ ಹಲ್ಲಿಗೆ ಅರ ಹಾಕಿ ನೋಡಿ

ಬೈಕಿನ ಹಳೇ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಬಿಚ್ಚಿದಾಗ ಅದರ ಹಲ್ಲುಗಳನ್ನು ನೋಡಿದ್ದೀರಾ? ಸವೆದ ಹಲ್ಲು ಒಂದು ಕಡೆಗೆ ವಾಲಿ ಕೊಕ್ಕೆಯ ಹಾಗೆ ಕಾಣುತ್ತದೆ. ಎಲ್ಲ ಸ್ಪ್ರಾಕೆಟ್‌ಗೂ ಬರುವ ಮುಪ್ಪು ಇದು. ನನ್ನದೊಂದಕ್ಕೆ ಮಾತ್ರ ಆರೇ ತಿಂಗಳಿಗೆ ಬಂತು. ಹೊಸದರಲ್ಲಿ ಕನ್ನಡಿಯಂತೆ ಫಳಫಳ ಅನ್ನುತ್ತಿತ್ತು, ಅದಕ್ಕೇ ಮರುಳಾಗಿ ತಂದಿದ್ದೆ.

ಹೊಳಪು ಮೇಲಿನ ಲೇಪದ್ದು. ಬಾಳಿಕೆ ಬರುವುದು ಕೆಳಗಿನ ಉಕ್ಕಿನಿಂದ. ಒಳ್ಳೆಯ ಉಕ್ಕಿನ ಸ್ಪ್ರಾಕೆಟ್‌ನಲ್ಲಿ ಸಾಮಾನ್ಯವಾಗಿ ಹಲ್ಲುಗಳನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿರುತ್ತಾರೆ. ಅಷ್ಟು ಬೇಗ ತಣಿದಾಗ ಉಕ್ಕಿನಲ್ಲಿರುವ ಕಾರ್ಬನ್ ಪರಮಾಣುಗಳಿಗೆ ಆಚೆ ಬರಲು ಸಮಯವೇ ಸಿಗುವುದಿಲ್ಲ. ಕಬ್ಬಿಣದ ಪರಮಾಣುಗಳ ನಡುವೆ ಸಿಕ್ಕಿಬೀಳುತ್ತವೆ, ಲೋಹ ಗಡಸಾಗುತ್ತದೆ. ಹಾಗಂತ ಇಡೀ ಚಕ್ರವನ್ನೇ ಹೀಗೆ ಮಾಡಿದರೆ ಏಟು ಬಿದ್ದಾಗ ಬಿರಿಯುವ ಭಯ. ಹಲ್ಲಿನ ಮೈ ಗಡಸಿರಬೇಕು, ನಡುಭಾಗ ಸ್ವಲ್ಪ ಬಗ್ಗುವಂತಿರಬೇಕು.

ಇದನ್ನು ಮನೆಯಲ್ಲೇ ನೋಡಬಹುದು. ಚೂಪಾದ ಅರವನ್ನು (ಲೋಹ ಉಜ್ಜುವ ಫೈಲ್) ಹಲ್ಲಿನ ಅಂಚಿಗೆ ಮೆಲ್ಲಗೆ ಎಳೆಯಿರಿ. ಮೊದಲು ಕೆರೆದುಹೋಗುವುದು ಲೇಪ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಕೆಳಗೆ ಅರ ಕಿರ್ರೆಂದು ಜಾರಿದರೆ ಉಕ್ಕು ಗಟ್ಟಿಯಾಗಿದೆ. ಕಚ್ಚಿಕೊಂಡು ಪುಡಿ ಉದುರಿಸಿದರೆ ಮೆತ್ತಗಿದೆ. (ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಅರ ತೆಗೆದರೆ ಬೈಸಿಕೊಳ್ಳುತ್ತೀರಿ, ಅಷ್ಟೇ.) ಸವೆಯದೆ ಉಳಿದ ಹಳೇ ಕಂಪನಿ ಸ್ಪ್ರಾಕೆಟ್ ಇದ್ದರೆ ಅದರ ಮೇಲೂ ಒಮ್ಮೆ ಎಳೆಯಿರಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬೋಲ್ಟ್ ಸ್ವಲ್ಪ ಸುಲಭ, ತಲೆಯ ಮೇಲೆ ಅಂಕಿ ಇರುತ್ತದೆ. 8.8 ಅಂತಿದ್ದರೆ 800 ಮೆಗಾಪ್ಯಾಸ್ಕಲ್‌ವರೆಗಿನ (ಇಷ್ಟು ಜಾಗದ ಮೇಲೆ ಇಷ್ಟು ಬಲ ಅನ್ನುವ ಅಳತೆ) ಎಳೆತಕ್ಕೆ ತುಂಡಾಗಬಾರದು. ಅದರ ಶೇಕಡಾ 80, ಅಂದರೆ 640ರವರೆಗೆ ಎಳೆದು ಬಿಟ್ಟರೆ ಮತ್ತೆ ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೇ ಬರಬೇಕು. 10.9 ಇನ್ನೂ ಗಟ್ಟಿ. ಸುಮ್ನೆ ಅಂಕಿ ಒತ್ತಿ ಮಾರುವವರೂ ಇದ್ದಾರೆ, ನಿಜ. ಆದರೆ ಅಂಕಿಯೇ ಇಲ್ಲದ ಬೋಲ್ಟನ್ನು ನಾನಂತೂ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಹಾಕಲ್ಲ.

ಚಕ್ರದ ಬೇರಿಂಗ್ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಸೀಲ್ ಇರುವ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಬುಗುರಿಯಂತೆ ಬಹಳ ಹೊತ್ತು ತಿರುಗಿದರೆ ‘ಎಷ್ಟು ಸ್ಮೂತ್ ನೋಡಿ’ ಅನ್ನುತ್ತಾರೆ. ನನಗೆ ಅನುಮಾನ ಬರುವುದೇ ಆಗ. ಒಳಗೆ ಸಾಕಷ್ಟು ಗ್ರೀಸ್ ಇದ್ದು, ರಬ್ಬರ್ ಸೀಲ್ ಬಿಗಿಯಾಗಿ ಕೂತಿದ್ದರೆ ಹೊಸ ಬೇರಿಂಗ್ ತುಸು ಭಾರವಾಗಿ ತಿರುಗಿ, ಬೇಗನೇ ನಿಂತುಬಿಡುತ್ತದೆ.