ಲೂನಸಿ ಇನ್‌ಕ್ವಿಸಿಷನ್: ಚಿತ್ತಸ್ವಾಸ್ಥ್ಯ ಕೋರ್ಟಿನ ಮೆಟ್ಟಿಲು ಹತ್ತಿದಾಗ

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ಪತ್ರ ಬರಹಗಾರರು ಉಯಿಲು ಬರೆಯುವಾಗ ಒಂದು ಸಾಲನ್ನು ತಲೆಯೆತ್ತದೆ ಬರೆದು ಮುಗಿಸುತ್ತಾರೆ: ‘ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬರೆಸಿದ ಮರಣಶಾಸನ.’ ಬರೆಸುವವರೂ ಆ ಸಾಲನ್ನು ಓದಲು ಹೋಗುವುದಿಲ್ಲ. ಮನುಷ್ಯನ ಚಿತ್ತ ನೆಟ್ಟಗಿದೆ ಎಂದೇ ಕಾನೂನು ಮೊದಲಿಗೆ ನಂಬುತ್ತದೆ. ಆದರೆ ಹೆಂಡತಿಯೋ ಮಗನೋ ಅಣ್ಣನೋ ಕೋರ್ಟಿಗೆ ಹೋಗಿ ‘ಇವರ ಚಿತ್ತ ಇವರ ಸ್ವಾಧೀನದಲ್ಲಿಲ್ಲ’ ಎಂದು ಅರ್ಜಿ ಕೊಟ್ಟರೆ? ಆಗ ನಡೆಯುತ್ತಿದ್ದ ವಿಚಾರಣೆಗೆ ಇಂಗ್ಲಿಷ್ ಕಾನೂನಿನಲ್ಲಿದ್ದ ಹೆಸರು ಲೂನಸಿ ಇನ್‌ಕ್ವಿಸಿಷನ್. ಕನ್ನಡದಲ್ಲಿ ಇದಕ್ಕೆ ರೂಢಿಯಾದ ಒಂದೇ ಪದವಿಲ್ಲ. ‘ಚಿತ್ತಸ್ವಾಸ್ಥ್ಯ ವಿಚಾರಣೆ’ ಎಂದರೆ ಅರ್ಥಕ್ಕೆ ಹತ್ತಿರವಾಗುತ್ತದೆ.

ಕೊಲೆ ಮಾಡಿದವನ ಪರ ವಕೀಲರು ‘ಆಗ ಇವನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ’ ಎಂದು ವಾದಿಸುವುದನ್ನು ಪತ್ರಿಕೆಗಳಲ್ಲಿ ಓದಿರುತ್ತೇವೆ. ಅದು ಬೇರೆ. ಅಲ್ಲಿ ಅಪರಾಧ ನಡೆದಿರುತ್ತದೆ, ಹುಚ್ಚು ಎಂಬುದು ಆರೋಪಿಗೆ ಗುರಾಣಿ. ಇಲ್ಲಿ ಯಾವ ಅಪರಾಧವೂ ನಡೆದಿಲ್ಲ, ಹುಚ್ಚು ಎಂಬುದೇ ಆರೋಪ. ಸಾಬೀತಾದರೆ ಆಸ್ತಿ ಇನ್ನೊಬ್ಬರ ಕೈಗೆ, ಮನುಷ್ಯ ಆಸ್ಪತ್ರೆಗೆ.

ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಇಂಗ್ಲೆಂಡಿನಲ್ಲಿ ರಾಜನ ಪರವಾಗಿ ನ್ಯಾಯ ನೋಡುತ್ತಿದ್ದ ಹಿರಿಯ ಅಧಿಕಾರಿ ಚಾನ್ಸೆಲರ್ ಹೊರಡಿಸುತ್ತಿದ್ದ ಆಜ್ಞೆಗೆ ‘ಡಿ ಲುನಾಟಿಕೊ ಇನ್‌ಕ್ವಿರೆಂಡೊ’ ಎಂದು ಹೆಸರು, ಅಂದರೆ ಲುನಾಟಿಕನ ಬಗ್ಗೆ ವಿಚಾರಿಸತಕ್ಕದ್ದು ಎಂದು. ‘ಲೂನಾ’ ಎಂದರೆ ಚಂದ್ರ. ಅಮಾವಾಸ್ಯೆ ಹುಣ್ಣಿಮೆಗೆ ಹುಚ್ಚು ಕೆರಳುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವಂತೆ ಅಲ್ಲಿಯೂ ನಂಬುತ್ತಿದ್ದರು. ಆ ನಂಬಿಕೆಯೇ ಕಾನೂನಿನ ಪದವಾಗಿ ಕೂತಿತು. ಮಧ್ಯಯುಗದ ಇಂಗ್ಲಿಷ್ ಕಾನೂನು ಇನ್ನೊಂದು ಭೇದವನ್ನೂ ಮಾಡಿತ್ತು. ಹುಟ್ಟಿನಿಂದಲೇ ಬುದ್ಧಿ ಬೆಳೆಯದವನ ಜಮೀನಿನ ಆದಾಯ ರಾಜನಿಗೆ ಸೇರುತ್ತಿತ್ತು. ಲುನಾಟಿಕನ ಜಮೀನನ್ನು ಮಾತ್ರ ರಾಜ ಕಾಪಾಡಿ, ಅವನಿಗೆ ಬುದ್ಧಿ ಮರಳಿದಾಗ ಒಪ್ಪಿಸಬೇಕಿತ್ತು. ಚಂದ್ರ ಕ್ಷೀಣಿಸಿ ಮತ್ತೆ ತುಂಬುವ ಹಾಗೆ ಬುದ್ಧಿಯೂ ಮರಳಬಹುದು ಎಂಬ ಭರವಸೆ ಆ ಪದದೊಳಗೇ ಇತ್ತು. ಮುಂದೆ ‘ಲುನಾಟಿಕ್’ ಎಂಬುದು ಬರಿಯ ಬೈಗುಳವಾದಾಗ ಆ ಭರವಸೆ ಮರೆತುಹೋಯಿತು. ನನಗೆ ಅದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಆಸ್ತಿವಂತರ ಮನೆಗಳಲ್ಲಿ ಈ ವಿಚಾರಣೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ವಿಂಡಮ್ ಪ್ರಕರಣವನ್ನು ನೋಡಬೇಕು. ನಾರ್ಫೋಕ್‌ನ ಫೆಲ್‌ಬ್ರಿಗ್ ಜಮೀನ್ದಾರಿಯ ವಾರಸುದಾರ ವಿಲಿಯಂ ಫ್ರೆಡರಿಕ್ ವಿಂಡಮ್‌ಗೆ ರೈಲೆಂದರೆ ಪ್ರಾಣ. ಗಾರ್ಡಿನ ಸಮವಸ್ತ್ರ ತೊಟ್ಟು ಸೀಟಿ ಊದುತ್ತಾ ಪ್ಲಾಟ್‌ಫಾರಂ ಮೇಲೆ ಓಡಾಡುತ್ತಿದ್ದ. ವಯಸ್ಸಿಗೆ ಬಂದು ಆಸ್ತಿ ಕೈಗೆ ಸಿಕ್ಕೊಡನೆ, ಮನೆತನ ಒಪ್ಪದ ಹೆಣ್ಣನ್ನು ಮದುವೆಯಾದ. ಕ್ರಿಮಿಯಾ ಯುದ್ಧದಲ್ಲಿ ಹೆಸರು ಮಾಡಿದ್ದ ಅವನ ಚಿಕ್ಕಪ್ಪ ಜನರಲ್ ವಿಂಡಮ್ ವಿಚಾರಣೆಗೆ ಅರ್ಜಿ ಹಾಕಿದರು. 1861ರ ಕೊನೆಯಲ್ಲಿ ಆರಂಭವಾದ ವಿಚಾರಣೆ 34 ದಿನ ನಡೆಯಿತು. ಬಾಲ್ಯದ ತುಂಟತನದಿಂದ ಹಿಡಿದು ಮಲಗುವ ಕೋಣೆಯವರೆಗೆ ಎಲ್ಲವೂ ಪತ್ರಿಕೆಗಳ ಪಾಲಾದವು. ಕೊನೆಗೆ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ತಂಡ, ಅವನು ಸ್ವಸ್ಥಚಿತ್ತನೆಂದೇ ತೀರ್ಮಾನಿಸಿತು. ಗೆದ್ದವನ ಕೈಯಲ್ಲಿ ಆಸ್ತಿ ಉಳಿಯಲಿಲ್ಲ. ಇಷ್ಟು ದೀರ್ಘ ಜಾಲಾಟ ಮತ್ತೆ ನಡೆಯಬಾರದೆಂದು 1862ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಎರಡು ವರ್ಷಕ್ಕಿಂತ ಹಿಂದಿನ ವರ್ತನೆಯನ್ನು ಸಾಕ್ಷ್ಯವಾಗಿ ತರದಂತೆ ಕಟ್ಟುಹಾಕಿದರು.

ಆದರೆ ಈ ಪದದ ಅರ್ಥ ನನಗೆ ನಿಜವಾಗಿ ತಿಳಿದದ್ದು ಅಮೆರಿಕದ ಇಲಿನಾಯ್ ರಾಜ್ಯದ ಇಬ್ಬರು ಹೆಂಗಸರ ಕಥೆಯಿಂದ.

ಮೊದಲನೆಯವರು ಎಲಿಜಬೆತ್ ಪ್ಯಾಕರ್ಡ್, ಆರು ಮಕ್ಕಳ ತಾಯಿ. ಗಂಡ ಥಿಯೋಫಿಲಸ್ ಕಟ್ಟುನಿಟ್ಟಿನ ಕ್ಯಾಲ್ವಿನ್ ಪಂಥದ ಪಾದ್ರಿ. ಅವನ ಧರ್ಮಬೋಧನೆಯನ್ನು ಎಲಿಜಬೆತ್ ಬಹಿರಂಗವಾಗಿಯೇ ಪ್ರಶ್ನಿಸಿದರು. ಇಲಿನಾಯ್‌ನ 1851ರ ಕಾನೂನಿನ ಪ್ರಕಾರ, ಉಳಿದವರಿಗೆ ಬೇಕಾದ ಪುರಾವೆ ಮದುವೆಯಾದ ಹೆಂಗಸಿಗೆ ಬೇಕಿರಲಿಲ್ಲ. ಗಂಡ ಕೇಳಿದರೆ, ಆಸ್ಪತ್ರೆಯ ಮುಖ್ಯಸ್ಥ ಒಪ್ಪಿದರೆ ಸಾಕಿತ್ತು. 1860ರ ಜೂನ್‌ನಲ್ಲಿ ಅವರನ್ನು ಜ್ಯಾಕ್ಸನ್‌ವಿಲ್ ಆಸ್ಪತ್ರೆಗೆ ಸಾಗಿಸಲಾಯಿತು. ಮೂರು ವರ್ಷ ಅಲ್ಲಿದ್ದು ಮರಳಿದರೆ, ಗಂಡ ಮನೆಯ ಕೋಣೆಯೊಂದರಲ್ಲಿ ಕೂಡಿಹಾಕಿ ಕಿಟಕಿಗೆ ಮೊಳೆ ಹೊಡೆಸಿದ. ಕಿಟಕಿಯ ಮೂಲಕ ಹೊರಬಿದ್ದ ಒಂದು ಚೀಟಿ ಗೆಳತಿಯ ಕೈ ಸೇರಿತು, ಅಲ್ಲಿಂದ ವಿಷಯ ನ್ಯಾಯಾಧೀಶರ ಮುಂದೆ ಹೋಯಿತು. 1864ರ ಜನವರಿಯಲ್ಲಿ ಕ್ಯಾಂಕಕೀ ಊರಿನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ಏರ್ಪಟ್ಟಿತು.

ಅಲ್ಲಿ ಒಬ್ಬ ವೈದ್ಯ ಸಾಕ್ಷಿ ನುಡಿದ. ಆತ ಎಲಿಜಬೆತ್ ಅವರನ್ನು ಕಂಡದ್ದು ವೈದ್ಯನಾಗಿ ಅಲ್ಲ, ಹೊಲಿಗೆ ಯಂತ್ರ ಮಾರುವವನ ವೇಷದಲ್ಲಿ. ಮಾತಿಗೆ ಎಳೆದು, ಹೆಂಗಸರ ಹಕ್ಕು, ಧರ್ಮ, ರಾಜಕೀಯ ಎಲ್ಲದರ ಬಗ್ಗೆ ಕೇಳಿ ಹೋಗಿದ್ದ. ಆಕೆಗೆ ಹುಚ್ಚೆನ್ನಲು ಆತ ಕೊಟ್ಟ ಕಾರಣಗಳ ಉದ್ದನೆಯ ಪಟ್ಟಿಯಲ್ಲಿ ಒಂದು, ಹುಚ್ಚಿ ಎನ್ನಿಸಿಕೊಳ್ಳುವುದು ಆಕೆಗೆ ಇಷ್ಟವಿಲ್ಲ ಎಂಬುದು! ‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಕಣ್ಣೆದುರು ನಿಲ್ಲುತ್ತದೆ. ಒಪ್ಪಿಕೊಂಡರೆ ಹುಚ್ಚು ಸಾಬೀತಾಯಿತು, ಅಲ್ಲಗಳೆದರೆ ಅದೇ ಹುಚ್ಚಿನ ಲಕ್ಷಣ. ಎಲಿಜಬೆತ್ ಪರ ಬಂದ ಇನ್ನೊಬ್ಬ ವೈದ್ಯರು ಮಾತ್ರ, ಹಲವು ವಿಷಯಗಳಲ್ಲಿ ಅವರ ಅಭಿಪ್ರಾಯವನ್ನು ತಾವು ಒಪ್ಪುವುದಿಲ್ಲ, ಆದರೆ ತಮ್ಮಿಂದ ಭಿನ್ನವಾಗಿ ಯೋಚಿಸುವವರನ್ನು ಹುಚ್ಚರೆಂದು ಕರೆಯುವುದೂ ಇಲ್ಲ ಎಂದರು. ಜ್ಯೂರಿಗೆ ಏಳು ನಿಮಿಷ ಸಾಕಾಯಿತು: ಎಲಿಜಬೆತ್ ಸ್ವಸ್ಥಚಿತ್ತರು. ಅಷ್ಟರಲ್ಲಿ ಗಂಡ ಮಕ್ಕಳನ್ನು ಕರೆದುಕೊಂಡು ಮ್ಯಾಸಚೂಸೆಟ್ಸ್‌ಗೆ ಹೊರಟುಹೋಗಿದ್ದ.

ಎಲಿಜಬೆತ್ ಸುಮ್ಮನೆ ಕೂರಲಿಲ್ಲ. ಬರೆದರು, ಶಾಸಕರ ಬಳಿಗೆ ಅಲೆದರು. 1867ರಲ್ಲಿ ಇಲಿನಾಯ್ ಹೊಸ ಕಾನೂನು ಮಾಡಿತು. ಇನ್ನು ಮುಂದೆ ಜ್ಯೂರಿಯ ವಿಚಾರಣೆಯಿಲ್ಲದೆ ಯಾರನ್ನೂ ಹುಚ್ಚಾಸ್ಪತ್ರೆಗೆ ಸೇರಿಸುವಂತಿಲ್ಲ.

ಎಂಟು ವರ್ಷಗಳ ನಂತರ ಅದೇ ರಾಜ್ಯದಲ್ಲಿ, ಇದೇ ಜ್ಯೂರಿ ವಿಚಾರಣೆಯ ಮುಂದೆ ಎರಡನೆಯ ಹೆಂಗಸು ಕೂರಬೇಕಾಯಿತು. ಅವರು ಅಬ್ರಹಾಂ ಲಿಂಕನ್ ಅವರ ಪತ್ನಿ ಮೇರಿ. ಪಕ್ಕದಲ್ಲೇ ಕೂತಿದ್ದ ಗಂಡನಿಗೆ ಗುಂಡು ಬಿದ್ದದ್ದನ್ನು ಕಂಡವರು. ನಾಲ್ವರು ಗಂಡುಮಕ್ಕಳಲ್ಲಿ ಮೂವರನ್ನು ಕಳೆದುಕೊಂಡವರು. ಉಳಿದವನು ಹಿರಿಯ ಮಗ ರಾಬರ್ಟ್, ವಕೀಲ. ಅರ್ಜಿ ಹಾಕಿದವನು ಅವನೇ.

1875ರ ಮೇ 19ರಂದು ಷಿಕಾಗೋದ ಹೋಟೆಲಿನಲ್ಲಿದ್ದ ಮೇರಿಯವರ ಕೋಣೆಗೆ ವಕೀಲ ಲಿಯೊನಾರ್ಡ್ ಸ್ವೆಟ್ ಬಂದರು. ಲಿಂಕನ್ನರ ಹಳೆಯ ಸ್ನೇಹಿತ, ಈಗ ರಾಬರ್ಟ್ ಪರ ವಕೀಲ. ವಿಚಾರಣೆ ಇದೆ ಎಂದು ಮೇರಿಯವರಿಗೆ ಗೊತ್ತಾದದ್ದು ಆಗಲೇ. ಅದೇ ಮಧ್ಯಾಹ್ನ ಕೋರ್ಟಿಗೆ ಹೋಗಬೇಕಿತ್ತು. ಅವರ ಪರ ನಿಲ್ಲಲು ಐಸಾಕ್ ಆರ್ನಾಲ್ಡ್ ಎಂಬ ವಕೀಲರನ್ನು ಗೊತ್ತುಮಾಡಿದವರೂ ಎದುರುಪಕ್ಷದವರೇ. ಆರ್ನಾಲ್ಡ್ ಅಳುಕಿದಾಗ ಒತ್ತಾಯಿಸಿ ನಿಲ್ಲಿಸಿದ್ದು ಸ್ವೆಟ್. ಹದಿನೇಳು ಸಾಕ್ಷಿಗಳು ನುಡಿದರು. ಸ್ವಂತ ಮನೆಯೇ ಇಲ್ಲದವರು ರಾಶಿ ಪರದೆಗಳನ್ನು ಕೊಂಡರೆಂದು ಅಂಗಡಿಯವರು, ಗೋಡೆಯಿಂದ ಮಾತು ಕೇಳಿಸುತ್ತದೆ ಎನ್ನುತ್ತಿದ್ದರೆಂದು ಹೋಟೆಲಿನವರು ಹೇಳಿದರು. ಅಭಿಪ್ರಾಯ ಕೊಟ್ಟ ವೈದ್ಯರಲ್ಲಿ ಹೆಚ್ಚಿನವರು ಅವರನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಮಗ ಕಣ್ಣೀರು ಒರೆಸಿಕೊಳ್ಳುತ್ತಾ ಸಾಕ್ಷಿ ಹೇಳಿದ. ಆರ್ನಾಲ್ಡ್ ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಮೇರಿಯವರ ಬಾಯಿಂದ ಏನನ್ನೂ ಕೇಳಿಸಲಿಲ್ಲ.

ಹನ್ನೆರಡು ಗಂಡಸರ ಜ್ಯೂರಿ ಸುಮಾರು ಹತ್ತು ನಿಮಿಷದಲ್ಲಿ ಹೊರಬಂದಿತು. ತೀರ್ಪನ್ನು ಇಡಿಯಾಗಿ ಓದಿದರೆ ಎದೆ ಹಿಂಡುತ್ತದೆ. ಮೇರಿ ಲಿಂಕನ್ ಬುದ್ಧಿಭ್ರಮಣೆಯಾದವರು, ಆಸ್ಪತ್ರೆಗೆ ಕಳಿಸಲು ತಕ್ಕವರು, ರೋಗ ಎಷ್ಟು ಕಾಲದಿಂದ ಇದೆಯೋ ತಿಳಿಯದು, ಕಾರಣ ತಿಳಿಯದು, ವಂಶಪಾರಂಪರ್ಯವಲ್ಲ, ಮೂರ್ಛೆರೋಗವಿಲ್ಲ, ಯಾರನ್ನಾದರೂ ಕೊಲ್ಲುವ, ತಾವೇ ಸಾಯುವ ಪ್ರವೃತ್ತಿಯಿಲ್ಲ, ನಿರ್ಗತಿಕರಲ್ಲ. ಇಷ್ಟೆಲ್ಲ ಇಲ್ಲ, ಗೊತ್ತಿಲ್ಲಗಳ ನಡುವೆ ಒಂದೇ ಒಂದು ಹೌದು. ಒಳಲಂಗದಲ್ಲಿ ಹೊಲಿದಿಟ್ಟುಕೊಂಡಿದ್ದ 50,000 ಡಾಲರಿಗೂ ಮೀರಿದ ಬಾಂಡುಗಳನ್ನು ಆ ಸಂಜೆಯೇ ಒಪ್ಪಿಸಬೇಕಾಯಿತು.

ಮೇರಿಯವರ ಮನಸ್ಸು ಪೂರ್ತಿ ನೆಮ್ಮದಿಯಾಗಿತ್ತು ಎಂದು ನಾನು ವಾದಿಸುತ್ತಿಲ್ಲ. ಅಷ್ಟು ಸಾವುಗಳನ್ನು ಕಂಡವರು ನರಳದೆ ಇರುವುದು ಹೇಗೆ? ನನ್ನನ್ನು ಕಾಡುವುದು ಬೇರೆ. ಎಲಿಜಬೆತ್ ಹೋರಾಡಿ ತಂದ ಕಾನೂನಿನ ಪ್ರತಿ ಅಕ್ಷರವೂ ಆ ಮಧ್ಯಾಹ್ನ ಪಾಲನೆಯಾಯಿತು. ನ್ಯಾಯಾಧೀಶರಿದ್ದರು, ಜ್ಯೂರಿಯಿತ್ತು, ಸಾಕ್ಷಿಗಳಿದ್ದರು, ಹೆಸರಿಗೆ ವಕೀಲರೂ ಇದ್ದರು. ಕ್ಯಾಂಕಕೀಯಲ್ಲಿ ಎಲಿಜಬೆತ್ ಪರವಾಗಿ ಬಾಯಿ ತೆರೆಯುವವರಿದ್ದರು, ಷಿಕಾಗೋದಲ್ಲಿ ಮೇರಿಯವರಿಗೆ ಅಂಥವರು ಯಾರೂ ಇರಲಿಲ್ಲ.

ಮೇರಿಯವರನ್ನು ಬಟೇವಿಯಾ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಇರಿಸಿದರು. ಅಲ್ಲಿಂದಲೇ ಪತ್ರ ಬರೆದು ಮೈರಾ ಬ್ರಾಡ್‌ವೆಲ್ ಎಂಬ ಗೆಳತಿಯನ್ನು ಕರೆಸಿಕೊಂಡರು. ಮೈರಾ ಕಾನೂನು ಓದಿದವರು, ಹೆಣ್ಣೆಂಬ ಕಾರಣಕ್ಕೆ ವಕೀಲಿಕೆಯ ಸನ್ನದು ಸಿಗದೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತವರು. ಅವರೂ ಪತಿ ಜೇಮ್ಸ್ ಅವರೂ ಪತ್ರಿಕೆಗಳ ಮೂಲಕ ಎಬ್ಬಿಸಿದ ಗದ್ದಲಕ್ಕೆ ಮಣಿದು, ನಾಲ್ಕು ತಿಂಗಳೊಳಗೆ ಮೇರಿಯವರನ್ನು ಸ್ಪ್ರಿಂಗ್‌ಫೀಲ್ಡಿನ ಅಕ್ಕನ ಮನೆಗೆ ಕಳಿಸಲಾಯಿತು. 1876ರ ಜೂನ್ 15ರಂದು ಇನ್ನೊಂದು ಜ್ಯೂರಿಯ ಮುಂದೆ ಅಕ್ಕನ ಗಂಡ ನಿನಿಯನ್ ಎಡ್ವರ್ಡ್ಸ್ ಸಾಕ್ಷಿ ನುಡಿದರು. ಮೇರಿಯವರಿಗೆ ಬುದ್ಧಿ ಮರಳಿದೆ, ಆಸ್ತಿ ನೋಡಿಕೊಳ್ಳಲು ಸಮರ್ಥರು ಎಂದು ತೀರ್ಪಾಯಿತು. ನಾಲ್ಕು ದಿನಗಳ ನಂತರ ಅವರು ಮಗನಿಗೆ ಬರೆದ ಪತ್ರದಲ್ಲಿ ಕ್ಷಮೆಯ ಸುಳಿವಿಲ್ಲ, ತನ್ನಿಂದ ತೆಗೆದುಕೊಂಡು ಹೋದ ಚಿತ್ರ, ಪುಸ್ತಕ, ಒಡವೆಗಳನ್ನೆಲ್ಲ ಹಿಂದಿರುಗಿಸು ಎಂಬ ಬೇಡಿಕೆಯಿದೆ.

ಭಾರತಕ್ಕೆ ಈ ಪದಗಳು ಬ್ರಿಟಿಷ್ ಆಡಳಿತದೊಡನೆ ಬಂದವು. ಕಂಪನಿಯಿಂದ ಆಡಳಿತ ರಾಣಿಯ ಕೈಗೆ ಹೋದ 1858ರಲ್ಲೇ ಮೂರು ಲೂನಸಿ ಕಾಯ್ದೆಗಳಾದವು. ಅವೆಲ್ಲವನ್ನೂ ಸೇರಿಸಿ 1912ರಲ್ಲಿ ಭಾರತೀಯ ಲೂನಸಿ ಕಾಯ್ದೆ ಬಂದಿತು. ಅದರಲ್ಲಿ ಆಸ್ತಿಗಾಗಿ ನಡೆಯುವ ಇನ್‌ಕ್ವಿಸಿಷನ್ ಒಂದು ದಾರಿ, ಆಸ್ಪತ್ರೆಗೆ ಸೇರಿಸಲು ಮ್ಯಾಜಿಸ್ಟ್ರೇಟರು ಕೊಡುವ ‘ರಿಸೆಪ್ಷನ್ ಆರ್ಡರ್’ ಇನ್ನೊಂದು ದಾರಿ. ಗಂಡನೋ ಹೆಂಡತಿಯೋ ಹತ್ತಿರದ ನೆಂಟರೋ ಕೊಟ್ಟ ಅರ್ಜಿ, ಜೊತೆಗೆ ಎರಡು ವೈದ್ಯಕೀಯ ಪ್ರಮಾಣಪತ್ರ. ಇಲ್ಲಿ ಜ್ಯೂರಿಯ ಮಾತಿಲ್ಲ. ‘ರಿಸೆಪ್ಷನ್’ ಎಂದರೆ ನಮಗೆ ಇಂದು ಆರತಕ್ಷತೆ ನೆನಪಾಗುತ್ತದೆ. ಆ ಆದೇಶದಲ್ಲಿ ಅದರ ಅರ್ಥ ‘ಒಳಗೆ ಸೇರಿಸಿಕೊಳ್ಳಿ’ ಎಂದು. ಬೆಂಗಳೂರಿನ ಲುನಾಟಿಕ್ ಅಸೈಲಮ್ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತು, 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಆದರೆ ದೇಶದ ಕಾನೂನಿನ ಹೆಸರಿನಿಂದ ‘ಲೂನಸಿ’ ಅಳಿಯಲು 1987ರ ಮಾನಸಿಕ ಆರೋಗ್ಯ ಕಾಯ್ದೆ ಬರಬೇಕಾಯಿತು.

ಈಗ ಜಾರಿಯಲ್ಲಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರು ಅಸ್ವಸ್ಥಚಿತ್ತರೆಂದು ಅರ್ಥವಲ್ಲ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸಿದ್ದರೆ ಮಾತ್ರ ಹಾಗೆ ಎಂದು ಅದರ 3ನೇ ಕಲಮು ಹೇಳುತ್ತದೆ. ಕಾಯಿಲೆ ವೈದ್ಯರ ಪದ, ಅಸ್ವಸ್ಥಚಿತ್ತ ಕೋರ್ಟಿನ ಪದ. ಷಿಕಾಗೋದ ಆ ಹತ್ತು ನಿಮಿಷದಲ್ಲಿ ಕಲಸಿಹೋದದ್ದು ಈ ಎರಡೇ. ಮುಂದೆ ಎಂದಾದರೂ ತನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕು ಈಗ ವಯಸ್ಕರಿಗೆಲ್ಲ ಇದೆ. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ.