ಹುಡುಕಿದವರೆಲ್ಲ ಮತ ಹಾಕುವವರಲ್ಲ

2008ರ ಆಗಸ್ಟ್ 29ರಂದು ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಮೆಕೇನ್ ಅವರು ತಮ್ಮ ಜೊತೆ ಉಪಾಧ್ಯಕ್ಷ ಹುದ್ದೆಗೆ ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಅವರ ಹೆಸರು ಪ್ರಕಟಿಸಿದರು. ಅಲ್ಲಿಯತನಕ ದೇಶದ ಬಹುಪಾಲು ಜನರಿಗೆ ಅಪರಿಚಿತವಾಗಿದ್ದ ಹೆಸರು ಗೂಗಲ್ ಹುಡುಕಾಟದಲ್ಲಿ ಏಕಾಏಕಿ ಮೇಲೇರಿತು. ನವೆಂಬರ್‌ನಲ್ಲಿ ಆ ಜೋಡಿ ಸೋತಿತು. ಅಚ್ಚರಿಪಡಲು ಏನೂ ಇಲ್ಲ, ಗೊತ್ತಿಲ್ಲದ್ದನ್ನೇ ತಾನೇ ಜನ ಹುಡುಕುವುದು? ವರ್ಷಗಳಿಂದ ಒಬ್ಬರಿಗೇ ಮತ ಹಾಕುತ್ತ ಬಂದವರಿಗೆ ಆ ಹೆಸರನ್ನು ಟೈಪ್ ಮಾಡುವ ಅಗತ್ಯ ಬೀಳುವುದು ಕಡಿಮೆ. ಹಗರಣವಾದರಂತೂ ವಿರೋಧಿಗಳೇ ಮೊದಲು ಹುಡುಕುತ್ತಾರೆ.

ಜನ ಏನನ್ನು ಎಷ್ಟು ಹುಡುಕುತ್ತಿದ್ದಾರೆ ಎಂದು ತಿಳಿಸುವ ಸೇವೆ ಗೂಗಲ್ ಟ್ರೆಂಡ್ಸ್. ಅದು ತೋರಿಸುವ 0ರಿಂದ 100ರ ಅಂಕಿ ಹುಡುಕಾಟಗಳ ಎಣಿಕೆಯಲ್ಲ, ಶೇಕಡಾವಾರೂ ಅಲ್ಲ. ಒಂದು ವಾರ 10 ಲಕ್ಷ ಹುಡುಕಾಟಗಳಲ್ಲಿ 2,000 ಒಬ್ಬ ಅಭ್ಯರ್ಥಿಯ ಹೆಸರಿಗೆ ಬಂದವು ಎನ್ನಿ, ಪಾಲು ಶೇ 0.2. ಚರ್ಚೆ ನಡೆದ ವಾರ ಅದು ಶೇ 0.8ಕ್ಕೆ ಏರಿತು. ಆ ಗರಿಷ್ಠಕ್ಕೆ 100 ಸಿಗುತ್ತದೆ, ಹಿಂದಿನ ವಾರಕ್ಕೆ 25. ಈಗ ಹೋಲಿಕೆಗೆ ಇನ್ನೊಬ್ಬರನ್ನು ಸೇರಿಸಿ, ಅವರ ಗರಿಷ್ಠ ಪಾಲು ಶೇ 8 ಇರಲಿ. ಮೊದಲನೆಯವರ 100 ಕುಸಿದು 10 ಆಗುತ್ತದೆ, 25 ಹೋಗಿ 2 ಅಥವಾ 3. ಒಬ್ಬರೂ ಹುಡುಕಾಟ ನಿಲ್ಲಿಸಿಲ್ಲ, ಅಳತೆಗೋಲು ಮಾತ್ರ ಬದಲಾಯಿತು. ಸುದ್ದಿವಾಹಿನಿಗಳ 'ಜನಪ್ರಿಯತೆ ಕುಸಿತ' ಎಷ್ಟೋ ಸಲ ಇಷ್ಟೇ. ನಕ್ಷೆಯ ಬಣ್ಣವೂ ಹೀಗೆಯೇ: ಕಡು ಬಣ್ಣವೆಂದರೆ ಆ ಪ್ರದೇಶದ ಒಟ್ಟು ಹುಡುಕಾಟದಲ್ಲಿ ಪಾಲು ಹೆಚ್ಚು ಎಂದರ್ಥ, ಜನ ಹೆಚ್ಚು ಎಂದಲ್ಲ.

ಹೆಸರನ್ನು ಬರೀ ಪದವಾಗಿ ಕೊಟ್ಟರೆ ಅದೇ ಹೆಸರಿನ ನಟ, ಆಟಗಾರ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಹೆಸರು ಟೈಪ್ ಮಾಡುವಾಗ ಕಾಣುವ ಪಟ್ಟಿಯಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ 'ರಾಜಕಾರಣಿ' ಎಂಬಂಥ ವಿವರ ಇರುವ 'ಟಾಪಿಕ್' ಆರಿಸಿಕೊಂಡರೆ ಬೇರೆ ಬೇರೆ ಭಾಷೆ, ಕಾಗುಣಿತಗಳೂ ಒಟ್ಟುಗೂಡುತ್ತವೆ. ಒಬ್ಬರಿಗೆ ಪದ, ಇನ್ನೊಬ್ಬರಿಗೆ ಟಾಪಿಕ್ ಇಟ್ಟು ಹೋಲಿಸುವುದು ಮಾತ್ರ ಬೇಡ. ಒಮ್ಮೆಗೆ ಹಲವು ಹೆಸರು ಹೋಲಿಸಬಹುದು. ಲೆಕ್ಕ ನಡೆಯುವುದು ಹುಡುಕಾಟಗಳ ಒಂದು ಮಾದರಿಯ ಮೇಲೆ. ಹಾಗಾಗಿ ಹೆಚ್ಚು ಹುಡುಕಾಟವಿಲ್ಲದ ಹೆಸರಿಗೆ ಇಂದು 7 ಕಂಡದ್ದು ನಾಳೆ 4 ಆಗಬಹುದು. ಬೇರೆ ಬೇರೆ ದಿನ ಅಂಕಿಗಳನ್ನು ಇಳಿಸಿಕೊಂಡು ಸರಾಸರಿ ತೆಗೆಯುವುದು ಕ್ಷೇಮ. 0 ಎಂದರೆ ಯಾರೂ ಹುಡುಕಲಿಲ್ಲ ಎಂದಲ್ಲ, ದತ್ತಾಂಶ ಸಾಲಲಿಲ್ಲ ಎಂದು.

ನಿಜವಾದ ಸ್ವಾರಸ್ಯ ಇರುವುದು ಗೆರೆಯ ಏರಿಳಿತದಲ್ಲಿ ಅಲ್ಲ, ಕೆಳಗಿನ 'ಸಂಬಂಧಿತ ಹುಡುಕಾಟ'ಗಳಲ್ಲಿ. ಹೆಸರಿನ ಜೊತೆ 'ವಯಸ್ಸು', 'ಪತ್ನಿ' ಬಂದರೆ ಕುತೂಹಲ. 'ಪ್ರಣಾಳಿಕೆ' ಬಂದರೆ ಆ ಮತದಾರ ತೂಗಿ ನೋಡುತ್ತಿರಬಹುದು. ಆದರೆ ಅಲ್ಲಿ ಕಾಣುವ 'ಬ್ರೇಕ್‌ಔಟ್' ಪದಕ್ಕೆ ಮರುಳಾಗಬಾರದು. ಶೇ 5,000ಕ್ಕಿಂತ ಹೆಚ್ಚು ಏರಿಕೆಗೆ ಆ ಪಟ್ಟ. ಹುಡುಕಾಟ 2ರಿಂದ 110ಕ್ಕೆ ಏರಿದರೂ ಅದು ಶೇ 5,400ರ ಹೆಚ್ಚಳವೇ! ಐರೋಪ್ಯ ಒಕ್ಕೂಟ ತೊರೆಯಬೇಕೇ ಎಂಬ 2016ರ ಬ್ರೆಕ್ಸಿಟ್ ಜನಮತದ ಫಲಿತಾಂಶದ ಬೆನ್ನಿಗೇ ಬ್ರಿಟನ್ನಿನಲ್ಲಿ 'ಐರೋಪ್ಯ ಒಕ್ಕೂಟ ಎಂದರೇನು?' ಎಂಬ ಪ್ರಶ್ನೆ ಏರಿದಾಗ, ಏನೆಂದು ತಿಳಿಯದೆ ಮತ ಹಾಕಿದರು ಎಂದು ಲೋಕವೆಲ್ಲ ನಕ್ಕಿತು. ಕೇಳಿದವರು ಎಷ್ಟು ಜನ, ಅವರು ಮತ ಹಾಕಿದ್ದರೇ, ಮತದ ವಯಸ್ಸಾದರೂ ಆಗಿತ್ತೇ ಎಂಬುದನ್ನು ಆ ಪಟ್ಟಿ ಹೇಳಿರಲೇ ಇಲ್ಲ.